ದ್ವೀಪಕ್ಕೆ ಹಚ್ಚಿದ ಮೇಣದಬತ್ತಿ

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಬಿ.ಪಿ. ಮಾತ್ರೆ ಆಯ್ತು. ಶುಗರ್ ಮಾತ್ರೆ ಆಯ್ತು. ಈ ಮನೆಯಲ್ಲಿ ನನ್ನ ಮಾತು ಕೇಳುವುದು ಮಾತ್ರೆ ಮಾತ್ರ. ಲಿಫ್ಟ್ ಮತ್ತೆ ಕೆಟ್ಟಿದೆ. 'ಲಿಫ್ಟಿಗೂ ಉಪವಾಸ' ಅಂತ ಇಂಗ್ಲಿಷಿನಲ್ಲಿ ಚೀಟಿ ಬರೆದು ಬಾಗಿಲಿಗೆ ಅಂಟಿಸಿ ಬಂದೆ. ಅವರಿಗೆ ರಂಜಾನ್, ನಮಗೆ ಈಸ್ಟರಿನ ಮುಂಚಿನ ತಪಸ್ಸು ಕಾಲ, ಅದಕ್ಕೆ ಮಾತ್ರ ಏಕೆ ಬಿಡುವು? ಮೇಲಿನ ಮನೆಯ ಈಜಿಪ್ಟಿನವ ನಕ್ಕ. ವಾಚ್‌ಮನ್ ನಗಲಿಲ್ಲ.

ನಿನ್ನೆ ದುಬೈಗೆ ಹೋಗಿದ್ದು ಹೆಂಡತಿ ರೋಸಿಯ ಹಟಕ್ಕೆ. ಯಾವುದೋ ಹೋಟೆಲಿನಲ್ಲಿ ಪ್ರಾಪರ್ಟಿ ಎಕ್ಸ್‌ಪೋ. ಸೈಪ್ರಸ್ ದ್ವೀಪದ ಸ್ಟಾಲಿನಲ್ಲಿ ಸೂಟು ಹಾಕಿ ನಿಂತವ ಇವಾನ್. ನಮ್ಮ ಚರ್ಚಿನ ಕಾಯರ್‌ನಲ್ಲಿ ಹಾಡುವ ಹುಡುಗ, ಮಂಗಳೂರು ಕಡೆಯವ, ಹುಟ್ಟಿದ್ದು ಇಲ್ಲೇ ಅಬುಧಾಬಿಯಲ್ಲಿ. ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ರೋಸಿ. ಹೆರಿಗೆ ವಾರ್ಡಿನ ನರ್ಸ್ ಅಲ್ಲವಾ, ಈ ಊರಿನಲ್ಲಿ ಅರ್ಧ ಜನ ಅವಳ ಕೈ ಮೇಲೇ ಬಿದ್ದವರು.

ಬಿಳಿ ಗೋಡೆ, ನೀಲಿ ನೀರು, ನಿಂಬೆ ಮರ. ಭೂಮಿಯ ಮಧ್ಯೆ ಸಮುದ್ರ, ಅದರ ಮಧ್ಯೆ ದ್ವೀಪ, ಅದರ ಮಧ್ಯೆ ರೋಸಿ. ನಾನು ಎಲ್ಲಿ ಅಂತ ಕೇಳಿದೆ. ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸ್ಲಿಕ್ಕೆ, ಅಂದಳು.

ಮಾರ್ಚ್ 27

ತಮಾಷೆ ಬಿಟ್ಟು ಯೋಚಿಸಬೇಕು. ರೋಸಿಗೆ ಇದು ಕೊನೆಯ ವಾರ, ಆಮೇಲೆ ರಿಟೈರ್. ನನ್ನ ಕೆಲಸ ಎಂದೋ ಹೋಯಿತು, ನಾನು ಹೆಂಡತಿಯ ಸ್ಪಾನ್ಸರ್‌ಶಿಪ್‌ನಲ್ಲಿರುವ ಗಂಡ. ಅವಳ ವೀಸಾ ಮುಗಿದರೆ ನನ್ನದೂ ಮುಗಿಯಿತು. ಕೆಲಸ, ಖಲಾಸ್. ಅಕ್ಷರ ಸ್ವಲ್ಪ ಅದಲುಬದಲು, ಅಷ್ಟೇ.

ಇಲ್ಲಿಯ ರಿಟೈರ್‌ಮೆಂಟ್ ವೀಸಾಕ್ಕೆ ನಮ್ಮ ಉಳಿತಾಯದ ಅಳತೆ ಸಾಲದು. ಊರಿನಲ್ಲಿ ನನ್ನ ಪಾಲು ತಮ್ಮನಿಗೆ, ಅವಳ ಪಾಲು ಅಣ್ಣನಿಗೆ ಬಿಟ್ಟುಕೊಟ್ಟಾಗಿದೆ. ಮಗಳು ಆನ್ ಮರಿಯಾ ದುಬೈಯಲ್ಲಿ, ಎರಡು ಕೋಣೆ, ಮೂರು ಮಕ್ಕಳು. ಅಲ್ಲಿ ನಾವು ಹೋದರೆ ಸೋಫಾಕ್ಕೇ ವೀಸಾ ಬೇಕಾಗುತ್ತದೆ.

ಸೈಪ್ರಸ್ ಆದರೆ ವಿಮಾನದಲ್ಲಿ ಹತ್ತಿರ, ಮಕ್ಕಳು ಬಂದು ಹೋಗಬಹುದು ಅನ್ನುವುದು ರೋಸಿಯ ಲೆಕ್ಕ. ಆಸ್ಪತ್ರೆಯಿಂದ ಬರುವ ಗ್ರಾಚ್ಯುಟಿ ಪೂರ್ತಿ ಅದಕ್ಕೆ ಸುರಿಯಬೇಕು. ಒಂದೇ ಅಳುಕು ಅವಳಿಗೆ. ನಾವು ಪರದೇಶಿಗಳು, ನಮ್ಮ ಹೆಸರಿಗೆ ಆಗ್ತದಾ, ಟೈಟಲ್ ಸರಿ ಉಂಟಾ, ಸ್ವಲ್ಪ ವಿಚಾರಿಸಿ ಅಂದಳು. ವಿಚಾರಿಸುತ್ತೇನೆ ಅಂದೆ. ಮಧ್ಯಾಹ್ನ ಮಲಗಿದೆ.

ಏಪ್ರಿಲ್ 1, ಬೆಳಿಗ್ಗೆ

ನನ್ನ ಹಬ್ಬ. ಗೆಳೆಯ ಮೂಸಬ್ಬನಿಗೆ ನಿನ್ನೆ ಈದ್ ಹಬ್ಬ ಮುಗಿಯಿತು, ನನಗೆ ಇವತ್ತು. ರೋಸಿಗೆ ಏನು ಮಾಡಲಿ? ಸಕ್ಕರೆ ಡಬ್ಬದಲ್ಲಿ ಉಪ್ಪು ಹಳತಾಯಿತು.

ಅದೇ ದಿನ, ಸಂಜೆ

ಅಕ್ಷರ ಓರೆಯಾಗಿ ಬರುತ್ತಿದೆ.

ನಮ್ಮ ಮನೆಯಲ್ಲಿ ಒಂದು ಕಾನೂನು ಉಂಟು. ಮದುವೆಯಾದ ಹೊಸತರಲ್ಲಿ ಇಮಿಗ್ರೇಶನ್ ಆಫೀಸಿನವನ ಸ್ವರ ತೆಗೆದು ಅವಳ ವಾರ್ಡಿಗೆ ಫೋನ್ ಮಾಡಿದ್ದೆ. ಅವಳು ಅಲ್ಲೇ ತಲೆ ತಿರುಗಿ ಬಿದ್ದಳು. ಅಂದಿನಿಂದ ನಿಯಮ: ಮನೆಯ ಆಲ್ತಾರಿನ, ಅಂದರೆ ದೇವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಹೇಳಿದರೆ ನಿಜ. ಹಚ್ಚದೆ ಹೇಳಿದ್ದು ತಮಾಷೆ, ನಂಬಬೇಕಾಗಿಲ್ಲ. ಅವಳ ಅಮ್ಮ ಹೋದ ಸುದ್ದಿ ಹಾಗೆ ಹೇಳಿದೆ. ನನ್ನ ಕೆಲಸ ಹೋದದ್ದೂ ಹಾಗೇ. ಇಷ್ಟು ವರ್ಷದಲ್ಲಿ ಒಂದು ಸಲವೂ ಮುರಿದವನಲ್ಲ.

ಇವತ್ತು ಹಚ್ಚಿದೆ. ದೀಪ, ದ್ವೀಪ — ಪದ ನಾಲಿಗೆಗೆ ಸಿಕ್ಕಿತು, ಸಿಕ್ಕಿದ್ದೇ ತಡ ಆಡಿದೆ. "ರೋಸಿ, ಎಲ್ಲ ವಿಚಾರಿಸಿದೆ. ಟೈಟಲ್ ಕ್ಲಿಯರ್. ನಮ್ಮಂಥವರಿಗೂ ಆಗ್ತದೆ. ದ್ವೀಪ ನಿನ್ನದು." ಆಮೇಲೆ 'ಏಪ್ರಿಲ್ ಫೂಲ್' ಅನ್ನಬೇಕಿತ್ತು. ಬಾಯಿ ತೆರೆದೂ ಇದ್ದೆ.

ಅವಳು ಅಳಲಿಕ್ಕೆ ಸುರು ಮಾಡಿದಳು. ನನ್ನ ಭುಜಕ್ಕೆ ತಲೆ ಕೊಟ್ಟಳು. "ಎಲ್ಲಿಗೆ ಹೋಗುವುದು ಅಂತ ನನಗೆ ನಿದ್ರೆ ಇರ್ಲಿಲ್ಲ, ಗೊತ್ತುಂಟಾ ನಿಮ್ಗೆ" ಅಂದಳು.

ನುಂಗಿದೆ. ನಾಳೆ ಹೇಳುತ್ತೇನೆ.

ಏಪ್ರಿಲ್ 3

ಹೇಳಲಿಲ್ಲ. ನಿನ್ನೆ ನಾನು ಏಳುವುದರೊಳಗೆ ಅವಳು ದುಬೈ ಬಸ್ಸಿನಲ್ಲಿ. ಸಂಜೆ ಬಂದು ಹೇಳಿದಳು, ಇವಾನ್‌ನ ಕೈಗೆ ಚೆಕ್ ಕೊಟ್ಟಾಯಿತು. ಏಪ್ರಿಲ್ ಮೂವತ್ತರ ತಾರೀಕು ಹಾಕಿ. ಅಷ್ಟರಲ್ಲಿ ಆಸ್ಪತ್ರೆಯ ಹಣ ಅಕೌಂಟಿಗೆ ಬರುತ್ತದೆ.

ಇದು ಗಲ್ಫಿನವರ ರೋಗ. ಮನೆ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ ಕೊಟ್ಟು ಕೊಟ್ಟು, ಚೆಕ್ ಬರೆಯುವುದೆಂದರೆ ವಿಸಿಟಿಂಗ್ ಕಾರ್ಡ್ ಕೊಟ್ಟ ಹಾಗೆ ಆಗಿದೆ ನಮಗೆ. ತಾರೀಕು ದೂರ ಇದ್ದರೆ ಅದು ಹಣವೇ ಅಲ್ಲ. ಊರಿನಲ್ಲಿ ಐದು ಸೆಂಟ್ಸ್ ಜಾಗ ತೆಗೆಯಲಿಕ್ಕೆ ಮೂರು ವಕೀಲರ ಹತ್ತಿರ ಹೋಗುವವರು ನಾವು.

ಅಗ್ರಿಮೆಂಟ್ ಸೈನ್ ಆಯ್ತಾ ಅಂತ ಕೇಳಿದೆ. ಇಲ್ಲವಂತೆ, ಪಾಸ್‌ಪೋರ್ಟ್ ಕಾಪಿ ಮಾತ್ರ. ಸೈನ್ ಎಲ್ಲ ಚೆಕ್ ಪಾಸಾದ ದಿನ.

ಇನ್ನು ಒಂದೇ ದಾರಿ. ನಾನು ಹೇಳಿದ ಸುಳ್ಳು ನಿಜವೇ ಇರಬಹುದು. ವಿಚಾರಿಸುತ್ತೇನೆ. ಈಗಲಾದರೂ.

ಏಪ್ರಿಲ್ 5

ಎಲೆಕ್ಟ್ರಾ ಸ್ಟ್ರೀಟ್. ಮೂಸಬ್ಬನ ಅಂಗಡಿ. ಚಾರ್ಜರ್, ಇಯರ್‌ಫೋನ್, ಕವರ್‌ಗಳ ನಡುವೆ ಸ್ಟೂಲ್ ಹಾಕಿ ಕೂತಿದ್ದ ಬ್ಯಾರಿ. ನಾವಿಬ್ಬರೂ ಸೇರಿ ಈ ಬೀದಿಯಲ್ಲಿ ಎಷ್ಟು ಜನರನ್ನು ಮಂಗ ಮಾಡಿದ್ದೇವೆ. ಇವತ್ತು ಬ್ರೋಶರ್ ಅವನ ಮುಂದೆ ಇಟ್ಟೆ. ಹಬ್ಬದ ಉಳಿದ ಮಿಠಾಯಿ ಕೊಟ್ಟ. ಬ್ರೋಶರ್ ತಿರುವಿ ಹಾಕಿದ. ಸಮುದ್ರ ನೋಡಲಿಲ್ಲ, ಈಜುಕೊಳ ನೋಡಲಿಲ್ಲ.

"ಪೊರ್ಬುಲೇ, ಜಾಗದ ಮೂಲಪಟ್ಟೆ ಯಾರ ಹೆಸರಲ್ಲಿ ಉಂಟು?"

ಊರಿನಲ್ಲಿ ನಮ್ಮ ಕ್ರೈಸ್ತರನ್ನು ಕರೆಯುವ ಹಾಗೆ, ನಾನು ಅವನಿಗೆ ಪೊರ್ಬು.

"ಊರಲ್ಲಾದ್ರೆ ಮೊದಲು ಅದನ್ನೇ ಕೇಳುವ ಜನ ಅಲ್ವಾ ಮಾರಾಯಾ ನೀನು. ಸಮುದ್ರ ದಾಟಿದ ಕೂಡ್ಲೆ ಮಣ್ಣಿಗೆ ಯಜಮಾನ ಇರೂದಿಲ್ವಾ?"

ಉತ್ತರಕ್ಕೆ ಒಂದು ಶ್ಲೇಷೆ ಹುಡುಕಿದೆ. ಸಿಗಲಿಲ್ಲ. ಮಿಠಾಯಿ ಕಿಸೆಗೆ ಹಾಕಿ ಬಂದೆ.

ಏಪ್ರಿಲ್ 9

ಆನ್ ಮರಿಯಾಳಿಗೆ ಬ್ರೋಶರಿನ ಫೋಟೋ ಕಳಿಸಿದ್ದೆ, ಅಮ್ಮನಿಗೆ ಹೇಳಬೇಡ ಅಂತ ಕೇಳಿಕೊಂಡು. ಇವತ್ತು ಫೋನ್ ಬಂತು. "ಡ್ಯಾಡ್, ದಿಸ್ ಈಸ್ ದ ನಾರ್ತ್." ಉತ್ತರ ಅಂದರೆ ಏನಾಯಿತು ಅಂದೆ. ಹೇಳಿದಳು. ಎಪ್ಪತ್ತನಾಲ್ಕರಲ್ಲಿ ಅಲ್ಲಿ ಯುದ್ಧ. ದ್ವೀಪ ಎರಡು ಹೋಳು, ಉತ್ತರ ಟರ್ಕಿಯ ಕೈಯಲ್ಲಿ. ಉತ್ತರದ ಗ್ರೀಕರು ಮನೆಗೆ ಬೀಗ ಹಾಕಿ ದಕ್ಷಿಣಕ್ಕೆ ಓಡಿದರು, ತಿರುಗಿ ಬರಲಿಲ್ಲ. ಅಲ್ಲಿ ಬಹಳಷ್ಟು ಜಾಗಕ್ಕೆ ಹಳೆಯ ಯಜಮಾನರು ಇನ್ನೂ ಹಕ್ಕು ಕೇಳುತ್ತಾರೆ. ಕೊಂಡವರು ಕೋರ್ಟು ಕಚೇರಿ ಅಲೆದದ್ದುಂಟು. ಆ ಕಡೆಗೆ ವಿಮಾನ ಟರ್ಕಿಯ ಮೂಲಕವೇ, ಇವಾನ್ ಇಸ್ತಾಂಬುಲ್ ಮೇಲೆ ಹೋಗಿ ಬರುವುದು ಏಕೆ ಅಂತ ಈಗ ಗೊತ್ತಾಯಿತು.

ಸಂಜೆ ರೋಸಿಗೆ ಹೇಳಿಬಿಟ್ಟೆ. ಮೇಣದಬತ್ತಿ ಇಲ್ಲದೆ. ಟೈಟಲ್ ಸರಿ ಇಲ್ಲ, ಮೊನ್ನೆ ಹೇಳಿದ್ದು ಸುಳ್ಳು ಅಂತ.

ಅವಳು ಮೀನು ತೊಳೆಯುತ್ತಿದ್ದಳು. ತಿರುಗಿ ನೋಡದೆ ನಕ್ಕಳು. "ನಿಮಗೆ ಅಬುಧಾಬಿ ಬಿಡ್ಲಿಕ್ಕೆ ಹೆದರಿಕೆ. ಅದಕ್ಕೆ ಹೊಸ ತಮಾಷೆ."

ಕಡ್ಡಿಪೆಟ್ಟಿಗೆ ತೆಗೆದುಕೊಂಡು ಆಲ್ತಾರಿನ ಹತ್ತಿರ ಹೋದೆ. ಒದ್ದೆ ಕೈಯಲ್ಲೇ ಬಂದು ನನ್ನ ಮಣಿಕಟ್ಟು ಹಿಡಿದಳು. ಈಗ ನಗುತ್ತಿರಲಿಲ್ಲ.

"ಹಚ್ಚಬೇಡಿ. ಅಲ್ಲಿ ಎರಡು ಮಾತು ಹೇಳಿದ್ರೆ ಒಂದು ಸುಳ್ಳಾಗ್ತದೆ. ಯಾವುದು ಸುಳ್ಳಾದರೂ ನನಗೆ ಬೇಡ."

ಕಡ್ಡಿಪೆಟ್ಟಿಗೆ ಒದ್ದೆಯಾಯಿತು. ಅವಳು ಮೀನಿಗೆ ಹೋದಳು.

ಏಪ್ರಿಲ್ 19

ಇಷ್ಟು ದಿನ ಬರೆಯಲಿಲ್ಲ. ಬರೆಯಲಿಕ್ಕೆ ಮನಸ್ಸಿರಲಿಲ್ಲ.

ಚೆಕ್ ನಿಲ್ಲಿಸಲಿಕ್ಕಾಗುತ್ತದಾ ಅಂತ ಬ್ಯಾಂಕಿನಲ್ಲಿ ಕೇಳಿದೆ. ಚೆಕ್ ನಿಮ್ಮ ಹೆಂಡತಿಯದ್ದು, ಅವರೇ ಬರಬೇಕು ಅಂದರು. ಅದೂ ಸರಿ. ಹಣ ಅವಳದ್ದು, ಕೈ ಅವಳದ್ದು. ನನ್ನದು ಬಾಯಿ ಮಾತ್ರ, ಅದಕ್ಕೆ ಬೆಲೆ ಇಲ್ಲ. ಆನ್ ಮರಿಯಾ ಹೇಳಿದರೂ ರೋಸಿ ಕೇಳಲಿಲ್ಲ. ಅಪ್ಪ ಮಗಳು ಒಟ್ಟಾಗಿ ನನ್ನನ್ನು ಆಟ ಆಡಿಸ್ತೀರಿ, ನಿನ್ನ ಡ್ಯಾಡಿ ದೀಪ ಹಚ್ಚಿ ಹೇಳಿದ್ದಾರೆ, ಅಂದಳಂತೆ.

ಇವತ್ತು ನನ್ನನ್ನು ದುಬೈಯ ಸತ್ವಾಕ್ಕೆ ಎಳೆದುಕೊಂಡು ಹೋದಳು, ಪರದೆ ಹೊಲಿಸಲಿಕ್ಕೆ. ಇವಾನ್ ಕಳಿಸಿದ ಪ್ಲ್ಯಾನಿನಲ್ಲಿ ಕಿಟಕಿಯ ಅಳತೆ ಉಂಟು. ಟೈಲರ್ ಟೇಪು ಹಿಡಿದು ಕೇಳಿದ, ಮನೆ ಎಲ್ಲಿ? ರೋಸಿ ಹೇಳಿದಳು, ದ್ವೀಪದಲ್ಲಿ. ಟೈಲರ್ ನನ್ನ ಕಡೆ ನೋಡಿದ. ತಿಳಿ ಹಳದಿ ಬಟ್ಟೆ, ನಿಂಬೆ ಹಣ್ಣಿನ ಬಣ್ಣ. ಕತ್ತರಿ ಓಡುವ ಸದ್ದು ಕೇಳಿ ಹೊರಗೆ ಹೋಗಿ ನಿಂತೆ.

ನಾಳೆ ಈಸ್ಟರ್. ಇವತ್ತು ರಾತ್ರಿಯ ಪೂಜೆಗೆ ಚರ್ಚಿನಲ್ಲಿ ಎಲ್ಲರ ಕೈಯಲ್ಲೂ ಮೇಣದಬತ್ತಿ ಇರುತ್ತದೆ. ನನ್ನ ಕೈಯಲ್ಲಿರುವುದನ್ನು ಏನು ಮಾಡಲಿ?

ಏಪ್ರಿಲ್ 24, ಗುರುವಾರ, ಮಧ್ಯಾಹ್ನ

ಆಯಿತು. ಬರೆದಿಡಬೇಕು, ಆದದ್ದು ಆದ ಹಾಗೆ.

ಇವಾನ್ ಬೇರೆ ಗಿರಾಕಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾನೆ. ನಿಮ್ಮ ಜಾಗ ಲೈವ್ ತೋರಿಸ್ತೇನೆ ಆಂಟಿ ಅಂದಿದ್ದ. ವಿಡಿಯೋ ಕಾಲ್ ಬಂತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಬ್ಬರೂ ಕೂತೆವು. ನಾನು ಏನೂ ಮಾತಾಡುವುದಿಲ್ಲ ಅಂತ ಮೊದಲೇ ನಿಶ್ಚಯ ಮಾಡಿದ್ದೆ. ನನ್ನ ಬಾಯಿಂದ ಬಂದದ್ದು ಅವಳಿಗೆ ತಮಾಷೆಯಾಗುತ್ತದೆ.

ಸಮುದ್ರ ತೋರಿಸಿದ. ನಮ್ಮ ವಿಲ್ಲಾ ಏಳಬೇಕಾದ ಜಾಗ ತೋರಿಸಿದ, ಸುತ್ತ ಹಗ್ಗ ಕಟ್ಟಿದ್ದರು. ಮೂಲೆಯಲ್ಲಿ ಸಾಲು ನಿಂಬೆ ಮರ. ತುಂಬ ಹಳೆಯವು, ಬುಡ ತೊಡೆಯಷ್ಟು ದಪ್ಪ. ಅದರ ಹಿಂದೆ ಮೇಲೆ ಮಾಡು, ಹೆಂಚು ಏನೂ ಇಲ್ಲದ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಇವಾನ್ ಫೋನ್ ಬೇಗ ಆಚೆ ತಿರುಗಿಸಿದ.

ರೋಸಿ ಹಿಂದೆ ತೋರಿಸು ಅಂದಳು. ಬಾಗಿಲಿನ ಮೇಲಿನ ಕಲ್ಲಿನಲ್ಲಿ ಖುರಿಸು, ನಮ್ಮದೇ ಶಿಲುಬೆ, ಕೆತ್ತಿತ್ತು.

"ಅದು ಯಾರದ್ದು ಇವಾನ್?"

"ಹಳೆಯವರದ್ದು ಆಂಟಿ. ಕ್ಲಿಯರ್ ಮಾಡ್ತಾರೆ, ಡೋಂಟ್ ವರಿ."

"ಸತ್ತರಾ ಅವರು?"

ಹುಡುಗ ಸುಳ್ಳು ಹೇಳಬಹುದಿತ್ತು. ಖುರಿಸಿನ ಕೆಳಗೆ ನಿಂತಿದ್ದ, ಹೇಳಲಿಲ್ಲ. "ಇಲ್ಲ ಆಂಟಿ. ಆ ಕಡೆ ಇದ್ದಾರಂತೆ. ದಕ್ಷಿಣದಲ್ಲಿ. ಒಂದು ಮುದುಕಿ ಕೆಲವು ಸಲ ಬಂದು ಮರ ನೋಡಿ ಹೋಗ್ತದಂತೆ."

ರೋಸಿ ಫೋನ್ ಮಗುಚಿ ಇಟ್ಟಳು.

ಅವಳ ಅಪ್ಪನ ಜಾಗ ನನಗೆ ನೆನಪಾಯಿತು, ಅವಳಿಗೂ ಅದೇ ನೆನಪಾಗಿರಬೇಕು. ಉಳುವವನೇ ಹೊಲದೊಡೆಯ ಅಂತ ಊರಿನಲ್ಲೂ ಎಪ್ಪತ್ತನಾಲ್ಕರಲ್ಲೇ ಕಾನೂನು ಬಂದು ಗೇಣಿಗೆ ಮಾಡುತ್ತಿದ್ದ ಗದ್ದೆ ಡಿಕ್ಲರೇಶನ್‌ನಲ್ಲಿ ಅವರದ್ದಾಯಿತು. ಅದು ನ್ಯಾಯವೇ, ಬೆವರು ಸುರಿಸಿದ್ದು ಅವರು. ಆದರೂ ಹಳೆಯ ಧಣಿಗಳ ಮನೆಯ ಮುದುಕಿ ವರ್ಷಕ್ಕೊಮ್ಮೆ ಬಂದು ಹಲಸಿನ ಮರದ ಕೆಳಗೆ ನಿಲ್ಲುತ್ತಿತ್ತಂತೆ. ಮಾತಿಲ್ಲ, ಜಗಳವಿಲ್ಲ. ಅಪ್ಪ ಒಂದು ಹಲಸಿನ ಹಣ್ಣು ಗೋಣಿಯಲ್ಲಿ ಕಟ್ಟಿ ಕೊಡುವುದು. ಅವತ್ತು ಮಧ್ಯಾಹ್ನ ಅಪ್ಪ ಊಟ ಮಾಡುತ್ತಿರಲಿಲ್ಲ. ಮದುವೆಯಾದ ವರ್ಷ ರೋಸಿಯೇ ನನಗೆ ಹೇಳಿದ್ದು. ದುಡಿದು ಪಡೆದವನಿಗೇ ಅನ್ನ ಇಳಿಯಲಿಲ್ಲ. ಇಲ್ಲಿ ನಾವು ಯಾರು, ಒಂದು ಬುಟ್ಟಿ ಮಣ್ಣು ಹೊರದವರು.

ಮಗುಚಿದ ಫೋನಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು. ಸ್ವರ ಸಣ್ಣ.

"ನೀವು ಕ್ಯಾಂಡಲ್ ಹಚ್ಚಿದ್ರಲ್ಲ."

"ಏಪ್ರಿಲ್ ಒಂದು ಆಗಿತ್ತು" ಅಂದೆ.

ಬೈದಿದ್ದರೆ ಸಾಕಿತ್ತು. ಆಲ್ತಾರಿನಿಂದ ಮೇಣದಬತ್ತಿ ತೆಗೆದು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ಏಪ್ರಿಲ್ 26

ಊಟ ಬಡಿಸುತ್ತಾಳೆ. ಮಾತ್ರೆ ತೆಗೆದಿಡುತ್ತಾಳೆ. ಮಾತು ಇಲ್ಲ. ಇವಾನ್ ಸೋಮವಾರ ಆಫೀಸಿಗೆ ಬರುತ್ತಾನೆ. ಆಸ್ಪತ್ರೆಯ ಹಣ ನಿನ್ನೆ ಅಕೌಂಟಿಗೆ ಬಂತು. ಅಂದರೆ ಮೂವತ್ತಕ್ಕೆ ಚೆಕ್ ಪಾಸಾಗುತ್ತದೆ.

ಏಪ್ರಿಲ್ 28, ಸೋಮವಾರ, ಸಂಜೆ

ಬೆಳಿಗ್ಗೆ ಸೀರೆ ಉಟ್ಟು ನಿಂತಳು. ನಾನೂ ಶೂ ಹಾಕಿದೆ. ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತಳು, ಕಿಟಕಿಯ ಕಡೆ ಮುಖ.

ಆಫೀಸಿನಲ್ಲಿ ನನ್ನನ್ನು ಹೊರಗೆ ಸೋಫಾದಲ್ಲಿ ಕೂರಿಸಿ ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಇವಾನ್‌ನ ಮೇಲಿನವಳು, ಒಬ್ಬ ದಪ್ಪ ಕನ್ನಡಕದ ಮೇಡಂ, ಬುಕಿಂಗ್ ವಾಪಸ್ ಇಲ್ಲ, ಪಾಲಿಸಿ ಹಾಗೆ ಅಂತ ಇಂಗ್ಲಿಷಿನಲ್ಲಿ ಹೇಳುತ್ತಲೇ ಇದ್ದಳು. ರೋಸಿ ಆಕೆಗೆ ಉತ್ತರವೇ ಕೊಡಲಿಲ್ಲ. ಇವಾನ್‌ನ ಮುಂದೆ ಹೋಗಿ ಅಂಗೈ ಚಾಚಿ ನಿಂತಳು.

"ನೀನು ಹುಟ್ಟಿದಾಗ ಅಳಲಿಲ್ಲ. ನೀಲಿ ಆಗಿದ್ದಿ. ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದು ಅಳಿಸಿದ ಕೈ ಇದು. ಸೈನ್ ಆಗಿಲ್ಲ ಅಂತ ನಿನಗೂ ಗೊತ್ತುಂಟು. ಚೆಕ್ ಇದರ ಮೇಲೆ ಇಡು ಮಗಾ."

ಡ್ರಾಯರ್ ಎಳೆಯುವ ಸದ್ದು. ಮೇಡಂನ ಸ್ವರ ಜೋರಾಯಿತು. ನಾನು ಸೋಫಾದಿಂದ ಎದ್ದು ನಿಂತೆ.

ಅವಳು ಹೊರಗೆ ಬಂದಾಗ ಚೆಕ್ ಕೈಯಲ್ಲಿತ್ತು. ಹಿಂದೆ ಇವಾನ್, ಲಿಫ್ಟಿನವರೆಗೆ ಬಂದ. ಕೆಲಸ ಹೋಗಬಹುದು ಅವನದ್ದು. ಆಂಟಿ, ಸಾರಿ ಅಂದ. ರೋಸಿ ಅವನ ಟೈ ಸರಿ ಮಾಡಿದಳು.

ಸತ್ವಾಕ್ಕೆ ಹೋಗಿ ಪರದೆ ತಂದೆವು. ಹೊಲಿದಾಗಿತ್ತು, ಬಿಡಲಿಕ್ಕಾಗುತ್ತದಾ. ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಹಳದಿ ಗಂಟು. ಯಾವ ಕಿಟಕಿಗೂ ಆಗದ ಅಳತೆ.

ಮನೆಗೆ ಬಂದವಳು ಕಪಾಟಿನ ಬೀಗ ತೆಗೆದಳು. ಮೇಣದಬತ್ತಿ, ಹೊಸ ಕಡ್ಡಿಪೆಟ್ಟಿಗೆ. ಎರಡನ್ನೂ ಆಲ್ತಾರಿನ ಮೇಲಿಟ್ಟು, ಚಾ ಮಾಡಿ ತಂದು, ನನ್ನ ಎದುರು ಕೂತಳು.

"ಜೂನ್‌ನಲ್ಲಿ ವೀಸಾ ಮುಗೀತದೆ. ಇನ್ನು ಎಲ್ಲಿಗೆ? ಹಚ್ಚಿ ಹೇಳಿ."

ಒಂದು ನಿಮಿಷ ಅಂತ ಹೇಳಿ ಇದನ್ನು ಬರೆಯುತ್ತಿದ್ದೇನೆ. ಅವಳು ಕಾಯುತ್ತಿದ್ದಾಳೆ. ಚಾ ಕುಡಿಯುತ್ತಿಲ್ಲ. ನಾಲಿಗೆಗೆ ಒಂದು ಪದವೂ ಬರುತ್ತಿಲ್ಲ, ತಿರುಗಿಸಲಿಕ್ಕೆ, ಮಗುಚಲಿಕ್ಕೆ. ಇರಲಿ. ಪೆನ್ನು ಕೆಳಗಿಟ್ಟು ಹಚ್ಚುತ್ತೇನೆ. ಗೊತ್ತಿಲ್ಲ ರೋಸಿ, ನನಗೂ ಹೆದರಿಕೆ ಅಂತ ಹೇಳುತ್ತೇನೆ. ಅಷ್ಟಾದರೂ ನಿಜ. ಕಡ್ಡಿ ಗೀರುವಾಗ ಅವಳು ಅವತ್ತಿನ ಹಾಗೆ ನನ್ನ ಕೈ ಹಿಡಿದು ತಡೆಯದೇ ಇದ್ದರೆ, ನನ್ನ ಮಾತಿಗೆ ಮತ್ತೆ ಬೆಲೆ ಬಂತು ಅಂತ.