ಉಪ್ಪಿನಕಾಯಿ ಕುಡಿಕೆ ಮತ್ತು ಕಡಲ ಹೋಟೆಲು

ಫರಂಗಿಪೇಟೆ,
೧೯-೧೧-೧೯೫೮

ಪ್ರೀತಿಯ ಬೊಂಬಾಯಿಯವರಿಗೆ ಶಶಿಪ್ರಭಾ ಮಾಡುವ ನಮಸ್ಕಾರಗಳು.

ನೀವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಗಂಡನಿಗೆ ಬರೆಯುವ ಕಾಗದದಲ್ಲಿ ಈ ಮಾತು ವಾಡಿಕೆಯಂತೆ ಬರುತ್ತದೆ. ಈ ಸಲ ನಿಜವಾಗಿಯೇ ಕೇಳುತ್ತಿದ್ದೇನೆ. ಅಣ್ಣು ಮಾವ ಬಂಟ್ವಾಳಕ್ಕೆ ಓಡಿಹೋಗಿ ‘ಬದುಕಿದ್ದೀರಾ, ಕೂಡಲೇ ತಿಳಿಸಿ’ ಎಂದು ನಿಮಗೆ ತಂತಿ ಕೊಟ್ಟರಲ್ಲ, ಅದಕ್ಕೆ ‘ಬದುಕಿದ್ದೇನೆ, ಯಾಕೆ’ ಎಂಬ ನಿಮ್ಮ ಮರುತಂತಿ ನಿನ್ನೆ ಬಂತು. ನಮ್ಮ ತಾಯಿಮನೆಯ ಯಜಮಾನರಾದ ಸೋದರಮಾವ ಅಲ್ಲವೇ, ಅದನ್ನು ಜಗಲಿಯಲ್ಲಿ ನಿಂತು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು. ಆ ‘ಯಾಕೆ’ಗೆ ಉತ್ತರ ಬರೆಯುವ ಕೆಲಸ ನನಗೆ ಬಿತ್ತು. ನಿಮ್ಮ ಸೊಂಟನೋವು ಹೇಗಿದೆ? ಊರಿಗೆ ಬಂದ ಹನೀಫಾನ ಕೈಯಲ್ಲಿ ಕಳಿಸಿದ ಸೀರೆ ತಲಪಿದೆ. ಬಣ್ಣ ನನಗಿಂತ ಹತ್ತು ವರ್ಷ ಚಿಕ್ಕವಳಿಗೆ ಸರಿ, ಆದರೂ ಉಡುತ್ತೇನೆ.

ನೀವು ಪತ್ರಿಕೆಯಿಂದ ಕತ್ತರಿಸಿ ಕಳಿಸಿದ ಕಡಲ ಹೋಟೆಲಿನ ಜಾಹೀರಾತು, ‘ಸಾಹುಕಾರರ ಸುಖ, ಸಾಧಾರಣರ ದರ’ ಎಂಬುದು, ಅಕ್ಷರಶಃ ಸುಳ್ಳಲ್ಲ. ಹೋಗಿ ಎರಡು ದಿನ ಇದ್ದು ನೋಡು, ನಿನಗೆ ಒಪ್ಪಿಗೆಯಾದರೆ ಬೊಂಬಾಯಿ ಕೋಟೆಯ ಹೋಟೆಲಿನ ನನ್ನ ಪಾಲನ್ನು ಬಿಟ್ಟುಕೊಟ್ಟು ಇದನ್ನು ವಹಿಸಿಕೊಂಡು ಊರಿಗೇ ಬಂದುಬಿಡುತ್ತೇನೆ ಎಂದು ಬರೆದಿದ್ದಿರಿ. ಮದುವೆಯಾದಂದಿನಿಂದ ನೀವು ನನಗೆ ವರ್ಷಕ್ಕೆ ಒಂದು ತಿಂಗಳಿನ ಗಂಡ. ಹಾಗಾಗಿ ಹೋಟೆಲು ಚೆನ್ನಾಗಿರಲಪ್ಪ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಹೊರಟವಳು ನಾನು. ಜೊತೆಗೆ ಜಲಜಾಕ್ಷಿ ದೊಡ್ಡಮ್ಮ. ಪರವೂರಿನ ಊಟ ನಾಲಿಗೆಗೆ ಹಿಡಿಯದು ಎಂದು ಅವರು ಹೊಸ ಮಣ್ಣಿನ ಕುಡಿಕೆಯಲ್ಲಿ ಮಾವಿನ ಮಿಡಿ ತುಂಬಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಡಿಲಲ್ಲಿ ಇಟ್ಟುಕೊಂಡೇ ಬಂದರು.

ಹೋಟೆಲು ಸುರತ್ಕಲ್ಲಿನ ಕಡಲ ಕರೆಯಲ್ಲಿದೆ. ಹಿಂದೆ ಯಾರೋ ದೊರೆಯ ಬಂಗಲೆಯಂತೆ. ಈಗ ಮಂಗಳೂರಿನ ಒಬ್ಬ ಸಾಹುಕಾರರದ್ದು. ಕೋಣೆಗಳು ದೊಡ್ಡವು, ಹಾಸಿಗೆಯ ಮೇಲೆ ಕೂತರೆ ಅದು ನಮ್ಮನ್ನು ಮೇಲಕ್ಕೆ ನೂಕುತ್ತದೆ. ಹೊದಿಕೆ ಬಿಳಿ, ಸೊಳ್ಳೆಪರದೆ ಬಿಳಿ, ಮ್ಯಾನೇಜರ್ ಅಬ್ದುಲ್ ಶುಕೂರರ ಷರಾಯಿಯೂ ಬಿಳಿ. ಬಹಳ ಮರ್ಯಾದಸ್ಥರು. ಕಾಣೆ ಮೀನು ಹುರಿದದ್ದು ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು ಎಂದು ದೊಡ್ಡಮ್ಮನ ಎದುರು ಹೇಳಲು ಹೆದರಿ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಿನಲ್ಲಿ, ವ್ಯವಸ್ಥೆಯಲ್ಲಿ ಕುಂದಿಲ್ಲ.

ಕುಂದು ಇರುವುದು ನಮ್ಮ ಜನರಲ್ಲಿ. ಬೆಳಿಗ್ಗೆ ದೊಡ್ಡಮ್ಮ ಕುಚ್ಚಲಕ್ಕಿ ಗಂಜಿ ಕೇಳಿದರು. ಶುಕೂರರು ಯಾರಿಗೋ ಜ್ವರ ಬಂದಿದೆ ಎಂದುಕೊಂಡು, ಡಾಕ್ಟರರಿಗೆ ಹೇಳಿಕಳಿಸಲೇ ಎಂದು ಬಾಗಿಲಲ್ಲಿ ಬಂದು ನಿಂತರು. ಜಗಲಿಯಲ್ಲಿ ಬೆತ್ತದ ಕುರ್ಚಿಗಳನ್ನೆಲ್ಲ ಕಡಲಿಗೆ ಮುಖ ಮಾಡಿ ಇಟ್ಟಿದ್ದಾರೆ. ದೊಡ್ಡಮ್ಮ ತಮ್ಮದನ್ನು ಎತ್ತಿ ದಾರಿಗೆ ತಿರುಗಿಸಿದರು. ‘ನೀರು ನೋಡ್ಲಿಕ್ಕೆ ಎಂತದುಂಟು ಮಗಾ, ನಿನ್ನೆ ಇದ್ದದ್ದೇ ಇವತ್ತೂ ಉಂಟು. ಈಚೆ ಆದ್ರೆ ಯಾರು ಬಂದ್ರು ಯಾರು ಹೋದ್ರು ಅಂತ ಗೊತ್ತಾಗ್ತದೆ’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಮಗಿಂತ ಮೊದಲು ಮೂಡುಬಿದಿರೆಯಿಂದ ಒಂದು ಜೈನ ಕುಟುಂಬ ಬಂದಿತ್ತಂತೆ. ಅವರಿಗೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಇಲ್ಲಿ ಊಟದ ಗಂಟೆ ಹೊಡೆಯುವುದೇ ದೀಪ ಹಚ್ಚಿದ ಮೇಲೆ. ಶುಕೂರರು ಬೇಗ ಬಡಿಸಿದರೂ, ಮೀನು ಹುರಿಯುವ ಮನೆಯೊಳಗೆ ಎಷ್ಟು ದಿನ ಮೂಗು ಮುಚ್ಚಿಕೊಂಡಿರುವುದು ಎಂದು ಅವರು ಮಾರನೆಯ ದಿನವೇ ಬಸ್ಸು ಹತ್ತಿದರು. ಉಳಿದವರು ಮದ್ರಾಸಿನ ಗಂಡಹೆಂಡತಿ ಇಬ್ಬರೇ. ನಮ್ಮವರಿಗೆ ಕಡಲೆಂದರೆ ಅಮಾವಾಸ್ಯೆಗೆ ಮುಳುಗಿ ಏಳುವ ಜಾಗ. ಅಲ್ಲಿ ಹಾಸಿಗೆ ಬಿಡಿಸಿ ಮಲಗುವುದಕ್ಕೆ ಕಾರಣ ಬೇಕು. ಆದ್ದರಿಂದ ಕೇಳಿ: ಈ ಹೋಟೆಲನ್ನು ವಹಿಸಿಕೊಳ್ಳಬೇಡಿ. ಹೀಗೆ ಬರೆಯುವಾಗ ನನಗೆ ಸಂಕಟವಾಗುತ್ತಿದೆ. ನೀವು ಬರಲಿ ಎಂಬ ಆಸೆಗೆ ಚೆನ್ನಾಗಿದೆ ಎಂದು ಬರೆದು, ನೀವು ಬಂದು ಖಾಲಿ ಕುರ್ಚಿಗಳನ್ನು ಎಣಿಸುತ್ತಾ ಕೂತರೆ ಆಗ ನನ್ನ ಮುಖ ಎಲ್ಲಿಡಲಿ?

ಇನ್ನು ತಂತಿಯ ವಿಷಯ. ನಾವು ಹೊರಟ ದಿನ ಬಸ್ಸು ನಿಲ್ಲುವಲ್ಲಿ ಎಲೆಯಡಿಕೆ ಅಂಗಡಿಯ ಮುಂಡಪ್ಪ ‘ದೊಡ್ಡಮ್ಮ, ಎಲ್ಲಿಗೆ ಹೊರಟದ್ದು?’ ಎಂದು ಕೇಳಿಬಿಟ್ಟ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದಲ್ಲ, ದೊಡ್ಡಮ್ಮನಿಗೆ ಸಿಟ್ಟು ಬಂದು ‘ಸಮುದ್ರಕ್ಕೆ’ ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ನಾನು ಧೂಳಿಗೆಂದು ತಲೆ ತುಂಬ ಸೆರಗು ಹೊದ್ದಿದ್ದೆ. ಹನೀಫಾ ಬೊಂಬಾಯಿಯಿಂದ ಆ ಸೀರೆಯ ಕಟ್ಟು ತಂದು ನಮ್ಮ ಮನೆಗೆ ಕೊಟ್ಟದ್ದನ್ನೂ ಮುಂಡಪ್ಪ ಕಂಡಿದ್ದ. ಮನೆಯ ಹಿಂದೆಯೇ ನೇತ್ರಾವತಿ ಇರುವಾಗ, ಬಾಯಿ ಕಟ್ಟಿದ ಹೊಸ ಕುಡಿಕೆ ಹಿಡಿದು ಸಮುದ್ರದವರೆಗೆ ಹೋಗುವವರು ಸುಮ್ಮನೆ ಹೋಗುವುದಿಲ್ಲ. ಅವನು ಲೆಕ್ಕ ಕೂಡಿಸಿದ. ನಾವಿನ್ನೂ ಮಂಗಳೂರು ಮುಟ್ಟುವ ಮೊದಲೇ, ಸುಧಾಕರಣ್ಣ ಬೊಂಬಾಯಿಯಲ್ಲಿ ತೀರಿಹೋದರಂತೆ, ಬೂದಿ ಬಿಡಲು ಹೋಗಿದ್ದಾರಂತೆ ಎಂದು ಪೇಟೆಯೆಲ್ಲ ಸುದ್ದಿ. ಮಾವ ಆಗ ಗದ್ದೆಯ ಕೆಲಸಕ್ಕೆ ಬೆಳ್ತಂಗಡಿಯಲ್ಲಿದ್ದವರು. ಸುದ್ದಿ ಕೇಳಿ ಅಲ್ಲಿಂದಲೇ ಹೊರಟು, ದಾರಿಯಲ್ಲಿ ಬಂಟ್ವಾಳದಲ್ಲಿ ಇಳಿದು ತಂತಿ ಕೊಟ್ಟು, ಮನೆಗೆ ಬಂದು ಕೂತಿದ್ದರು.

ನಾವು ತಿರುಗಿ ಬರುವಾಗ ಜಗಲಿಯ ತುಂಬ ಜನ. ಆಚೆಮನೆಯ ಪ್ರೇಮಾವತಿ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಯಾರು ಹೋದದ್ದು ಎಂದು ಕೇಳಿದೆ. ಮುಂಡಪ್ಪ, ‘ನೀವೇ ಬಿಟ್ಟು ಬಂದಿರಲ್ಲ ಅಕ್ಕ, ನಾವು ಎಂತ ಹೇಳುದು’ ಎಂದು ಕುಡಿಕೆಯ ಕಡೆ ಕೈ ತೋರಿಸಿದ. ದೊಡ್ಡಮ್ಮ ಕುಡಿಕೆಯ ಬಟ್ಟೆ ಬಿಚ್ಚಿ ಅವನ ಮೂಗಿನ ಕೆಳಗೆ ಹಿಡಿದು, ‘ಸರೀ ನೋಡು ಮಾರಾಯಾ, ಮಾವಿನ ಮಿಡಿ! ಅರ್ಧ ಉಳಿದುಂಟು, ಗಂಜಿಗೆ ಬೇಕಾ?’ ಎಂದರು. ಮಾವ ನಗಲು ಸುರುಮಾಡಿದ ಮೇಲೆ ಎಲ್ಲರೂ ನಕ್ಕರು. ಸಾವಿಗೆಂದು ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೆವು. ಮುಂಡಪ್ಪ ಮಾತ್ರ ಕುಡಿಯದೆ ಹೋದ. ಸತ್ತ ಸುದ್ದಿ ಹಬ್ಬಿದರೆ ಆಯುಸ್ಸು ಹೆಚ್ಚುತ್ತದಂತೆ, ಹಾಗಾಗಿ ಅವನ ಮೇಲೆ ಸಿಟ್ಟಾಗಬೇಡಿ.

ಊರಲ್ಲಿ ಎಲ್ಲರೂ ಸೌಖ್ಯ. ಕೊಯ್ಲು ಮುಗಿಯುತ್ತಾ ಬಂತು. ಬೆಳುವಾಯಿಯ ನಿಮ್ಮ ಅಕ್ಕನಿಗೆ ಈ ಸುದ್ದಿ ಮುಟ್ಟುವ ಮೊದಲೇ ನಿಜ ಸಂಗತಿ ಮುಟ್ಟಿಸಿದ್ದೇವೆ. ದೊಡ್ಡಮ್ಮ ನಿಮಗೆ ನೂರು ವರ್ಷ ಎಂದು ಆಶೀರ್ವಾದ ಹೇಳಿದ್ದಾರೆ. ಮಾವ ತಂತಿಯ ಬಗ್ಗೆ ಬೊಂಬಾಯಿಯಲ್ಲಿ ಯಾರಲ್ಲೂ ಹೇಳಬೇಡ ಎಂದು ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇತಿ ನಿಮ್ಮವಳು,
ಶಶಿಪ್ರಭಾ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪ್ರೇಮಾವತಿ ತಬ್ಬಿಕೊಂಡು ಅಳುವಾಗ ಒಂದು ಮಾತು ಹೇಳಿದಳು, ಮೇಲೆ ಬರೆಯಲಿಲ್ಲ. ‘ಎಂತ ಮಾಡುದು ಅಕ್ಕ, ಅವರಿಲ್ಲದೆ ಇರ್ಲಿಕ್ಕೆ ನಿಮಗೆ ಅಭ್ಯಾಸ ಉಂಟಲ್ಲ’ ಎಂದಳು. ಸಮಾಧಾನಕ್ಕೆ ಹೇಳಿದ್ದು, ಪಾಪ. ಎಲ್ಲರೂ ಹೋದ ಮೇಲೆ ನೋಡಿದೆ. ನೀವು ಸತ್ತಿದ್ದ ಎರಡು ದಿನವೂ ಹಸು ಕರೆದಿದ್ದಾರೆ, ಭತ್ತ ಬಡಿದಿದ್ದಾರೆ, ಮನೆಯಲ್ಲಿ ಒಂದು ಕೆಲಸವೂ ನಿಂತಿಲ್ಲ. ನನಗೆ ಹೆದರಿಕೆಯಾಯಿತು. ಆ ಅಭ್ಯಾಸ ನನಗೆ ಬೇಡ. ಬರುವ ವಾರದ ಹಡಗಿಗೆ ನಾನು ಬೊಂಬಾಯಿಗೆ ಹೊರಟಿದ್ದೇನೆ, ಇರಲಿಕ್ಕೆಂದೇ. ‘ಅಳಿಯಕಟ್ಟಿನ ನಮ್ಮ ಮನೆಯ ಹೆಣ್ಣು ತನ್ನ ಮನೆ ಬಿಟ್ಟು ಗಂಡನ ಮನೆಯಲ್ಲಿ ಹೋಗಿ ಕೂತದ್ದುಂಟಾ?’ ಎಂದು ಮಾವ ಕೇಳಿದರು. ‘ಮನೆಗಲ್ಲ ಮಾವ, ಗಂಡನಲ್ಲಿಗೆ’ ಎಂದೆ. ನಿಮ್ಮ ಬಾಡಿಗೆಯ ಖೋಲಿ ಸಣ್ಣದು ಎಂದು ಬರೆಯಬೇಡಿ. ಬರೆದರೂ ಆ ಕಾಗದ ಇಲ್ಲಿ ಮುಟ್ಟುವಾಗ ನಾನು ಹಡಗಿನಲ್ಲಿರುತ್ತೇನೆ.