ತಂಗಿಯ ಶೆಡ್ಡಿನ ಎಂಜಿನ್

ಜೂನ್ 3, ಮಂಗಳವಾರ, ಸಂಜೆ 6.30

ಲ್ಯಾಬ್‌ನಲ್ಲಿ ಇವತ್ತು ಹನ್ನೊಂದು ಕಟ್ಟುಹಲ್ಲು ಮಾಡಿದೆ, ಜತೆಗೆ ಒಂದು ಪೂರ್ತಿ ಸೆಟ್. ಮನೆಗೆ ಬಂದು ಕೈ ತೊಳೆದರೆ ಮತ್ತೆ ಅದೇ ಅರ, ಅದೇ ಚಿಮಟ. ಹೊಟ್ಟೆಪಾಡಿಗೆ ಹಲ್ಲು, ಖುಷಿಗೆ ರೈಲು.

ಅಂಗಡಿಯಿಂದ ತಂದ ಮಾದರಿ ಡೀಸೆಲ್ ಎಂಜಿನ್ ಗೇಣುದ್ದ. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡುತ್ತದೆ. ಆದರೆ ಹ್ಯಾಂಡ್‌ರೇಲ್‌ಗಳೆಲ್ಲ ಮೈಗೇ ಅಂಟಿದ ಪ್ಲಾಸ್ಟಿಕ್ ಗೆರೆಗಳು. ಇರುವೆ ಕೂಡ ಹಿಡಿದುಕೊಳ್ಳಲಾಗದ ಹಿಡಿಕೆ. ಬ್ಲೇಡಿನಲ್ಲಿ ಹೆರೆದು ತೆಗೆದೆ. ಸೂಜಿಮೊನೆಯಷ್ಟು ತೂತು ಕೊರೆದು, ಹಲ್ಲಿನ ಕ್ಲಿಪ್ಪಿನ ತಂತಿ ಬಗ್ಗಿಸಿ ಕೂರಿಸುತ್ತಿದ್ದೇನೆ. ಆರು ಆಯಿತು. ಎಂಟು ಬಾಕಿ.

ಇದು ನನಗಲ್ಲ. ತಂಗಿ ಕೇಳಿದ್ದು. ಅವಳು ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್. ಅವಳಿಗೆ ಕೆಲಸ ಕಲಿಸಿದ ಫೋರ್‌ಮನ್ ಇದೇ ಮೂವತ್ತಕ್ಕೆ ರಿಟೈರ್. ಶೆಡ್ಡಿನವರೆಲ್ಲ ಸೇರಿ ಕೊಡುವ ಉಡುಗೊರೆ — ಅವರ ಕೈಯಲ್ಲಿ ಅತಿ ಹೆಚ್ಚು ರಿಪೇರಿಯಾದ ಎಂಜಿನ್, ಈಗ ಇರುವ ಹಾಗೇ. ಇರುವ ಹಾಗೇ ಅಂತ ಎರಡು ಸಲ ಹೇಳಿದ್ದಾಳೆ.

ಜೂನ್ 8, ಭಾನುವಾರ

ತಂಗಿ ಬಂದಿದ್ದಳು. ಫೋನಿನ ತುಂಬ ಎಂಜಿನ್ನಿನದೇ ಫೋಟೊ. ಎಡಗಡೆ ವೈಪರ್ ಉದ್ದ, ಬಲಗಡೆಯದು ಗಿಡ್ಡ. ಹಾರ್ನ್ ಒಂದು ಬದಲಾಗಿದೆ. ಮಾದರಿಗೆ ಕಂಪನಿಯವರು ಬಳಿದ ನೀಲಿ ಕಣ್ಣಿಗೆ ಹೊಡೆಯುತ್ತದೆ. ಬೂದು ಬೆರೆಸಿ ಬೆರೆಸಿ ಐದನೇ ಸಲಕ್ಕೆ ಸರಿಹೊಂದಿತು. ಮೂವತ್ತು ವರ್ಷ ಅಗಿದ ಹಲ್ಲಿನ ಬಣ್ಣ ಹೊಂದಿಸುವವಳಿಗೆ ಮೂವತ್ತು ವರ್ಷ ಓಡಿದ ಎಂಜಿನ್ ದೊಡ್ಡದಲ್ಲ.

ಒಂದು ಫೋಟೊದಲ್ಲಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ತೇಪೆ. ಬೆಸುಗೆ ಸೊಟ್ಟಪಟ್ಟ. ಏನಿದು ಎಂದೆ. ಫೋನ್ ಮಗುಚಿ ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು — ಕೆಲಸಕ್ಕೆ ಸೇರಿದ ವರ್ಷ ಅವಳು ಮಾಡಿದ ಮೊದಲ ವೆಲ್ಡಿಂಗ್ ಅದು. ಗಟ್ಟಿಯಾಗಿದೆ, ಇರಲಿ ಅಂದರಂತೆ ಫೋರ್‌ಮನ್. ಉಳಿದವರು ಅಂದಿನಿಂದ ಅವಳನ್ನು ಕರೆಯುವುದೇ 'ತೇಪೆ' ಎಂದು. ಆರು ವರ್ಷ. ನನಗೆ ಗೊತ್ತೇ ಇರಲಿಲ್ಲ.

"ಅದೊಂದು ಬಿಟ್ಬಿಡು ಅಕ್ಕ. ಅಷ್ಟು ಚಿಕ್ಕದು ಯಾರಿಗೆ ಕಾಣುತ್ತೆ?"

ಇರುವ ಹಾಗೇ ಅಂದವಳು ನೀನೇ ಅಲ್ಲವೇ, ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಅರ್ಧ ಲೋಟ ಕಾಫಿ ಹಾಗೇ ಇತ್ತು.

ಜೂನ್ 14, ಶನಿವಾರ

ಅವಳ ಫೋನಿಲ್ಲ. ನಾನೂ ಮಾಡಿಲ್ಲ. ವೈಪರ್ ಆಯಿತು, ಬ್ರೇಕ್ ಪೈಪುಗಳಾದವು. ಮುಚ್ಚಳ ನುಣ್ಣಗೇ ಇದೆ. ತೇಪೆ ಅಂಟಿಸಲು ಕೈ ತುರಿಸುತ್ತದೆ… ಆದರೆ ಅವಮಾನ ಅವಳದು. ನಾನು ಯಾರು ಅಂಟಿಸಲು?

ಅಕ್ಕತಂಗಿಯರ ಎಂಜಿನ್ ಕೆಟ್ಟು ನಿಂತ ಹಾಗಿದೆ ಎಂದು ನಮ್ಮವರ ತಮಾಷೆ. ನಗು ಬರಲಿಲ್ಲ.

ಜೂನ್ 22, ಭಾನುವಾರ, ಬೆಳಗ್ಗೆ 11

ಕೆಟ್ಟಿತು. ನಿನ್ನೆ ಹವೆಯಲ್ಲಿ ತೇವವಿತ್ತು. ಗೊತ್ತಿದ್ದೂ ವಾರ್ನಿಷ್ ಸ್ಪ್ರೇ ಮಾಡಿದೆ. ಬೆಳಗ್ಗೆ ನೋಡಿದರೆ ಇಡೀ ಎಂಜಿನ್ನಿನ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ. ನನ್ನದೇ ಆತುರ. ಇನ್ನು ಎಂಟು ದಿನ. ನಮ್ಮವರು ಈ ಸಲ ತಮಾಷೆ ಕೂಡ ಮಾಡಲಿಲ್ಲ, ಅದೇ ಭಯ.

ತಂಗಿಗೆ ಫೋನ್ ಮಾಡಿದೆ.

ಮಧ್ಯಾಹ್ನ 3

ಅರ್ಧ ಗಂಟೆಯಲ್ಲಿ ಬಂದಳು, ತಲೆ ಕೂಡ ಬಾಚಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಳು. ತೇವ ಸಿಕ್ಕಿಹಾಕಿಕೊಂಡಿದೆ ಅಷ್ಟೆ, ಕೆಳಗಿನ ಬಣ್ಣ ಕೆಟ್ಟಿಲ್ಲ ಅಂದಳು. ಮೊದಲು ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಹೊಳಪಿನ ವಾರ್ನಿಷ್ ತೆಳ್ಳಗೆ ಹೊಡೆದು ನೋಡಿದೆವು. ಬಿಳಿ ಕರಗಿತು. ನೀಲಿ ಬಂತು. ಇಬ್ಬರೂ ಉಸಿರು ಬಿಟ್ಟೆವು.

ಆಮೇಲೆ ಪೆನ್ಸಿಲ್ ತೆಗೆದುಕೊಂಡು ಮುಚ್ಚಳದ ಮೇಲೆ ಸಣ್ಣ ಚೌಕ ಬರೆದಳು.

"ತೇಪೆ ಹಾಕು ಅಕ್ಕ. ಆರು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ."

"ಏನು, ಆ ಹೆಸರಾ?"

"ಬೆಸುಗೆ."

ಜೂನ್ 24, ಮಂಗಳವಾರ

ಮಾತ್ರೆ ಸ್ಟ್ರಿಪ್ಪಿನ ಬೆಳ್ಳಿ ಹಾಳೆಯಿಂದ ತೇಪೆ ಕತ್ತರಿಸಿದೆ. ಸುತ್ತಲಿನ ಬೆಸುಗೆಗೆ ಸೂಜಿಯಲ್ಲಿ ಗೋಂದಿನ ಗೆರೆ. ಮೂರು ಸಲ ಎಳೆದೆ, ಮೂರು ಸಲವೂ ನೆಟ್ಟಗೇ ಬಂತು. ನನ್ನ ಕೈಗೆ ಸೊಟ್ಟ ಬರುವುದಿಲ್ಲ. ಸೂಜಿ ತಂಗಿಗೆ ಕೊಟ್ಟೆ. ಒಂದೇ ಏಟಿಗೆ ಸೊಟ್ಟ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಇಬ್ಬರಿಗೂ.

ಜೂನ್ 30, ಸೋಮವಾರ, ಸಂಜೆ 7

ಶೆಡ್ಡಿಗೆ ಹೋಗಿದ್ದೆ. ಹಿಂದೆ ಲಾಕರ್‌ಗಳ ಪಕ್ಕ ನಿಂತಿದ್ದೆ.

ಫೋರ್‌ಮನ್ ಅದನ್ನು ಉಡುಗೊರೆಯ ಹಾಗೆ ನೋಡಲೇ ಇಲ್ಲ. ರಿಪೇರಿಗೆ ಬಂದ ಎಂಜಿನ್ ನೋಡಿದ ಹಾಗೆ ನೋಡಿದರು. ಕನ್ನಡಕ ಹಾಕಿದರು. ಮೊದಲು ಅಡಿಮೇಲು ಮಾಡಿದರು. ಭಾಷಣ ಮಾಡುತ್ತಿದ್ದವರು ತಾವಾಗಿ ನಿಲ್ಲಿಸಿದರು. ಹಳಿಗೆ ಮರಳು ಬಿಡುವ ಪೈಪ್, ಬಲಗಡೆಯದು ಒಂದೆಳೆ ಮೇಲಿದೆ ಎಂದರು. ನಿಜ. ಒಂದೇ ಎಳೆ. ಆಮೇಲೆ ತಂಗಿಯನ್ನು ಕೇಳಿದರು, ಮಾಡಿದ್ದು ಯಾರು ಎಂದು.

"ನಮ್ಮಕ್ಕ ಸರ್."

"ಯಾವ ಶೆಡ್ಡಲ್ಲಿದ್ದಾರೆ?"

ಎಲ್ಲರೂ ನಕ್ಕರು. ಹಲ್ಲಿನ ಲ್ಯಾಬ್ ಅಂತ ತಂಗಿ ಹೇಳಿದಳು, ಎತ್ತರದ ದನಿಯಲ್ಲಿ. ಫೋರ್‌ಮನ್ ನಗಲಿಲ್ಲ. ನಾನೂ ನಗಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಹಲ್ಲು ಮಾಡುತ್ತಿದ್ದೇನೆ. ಕಟ್ಟಿಸಿದ್ದೆಂದು ಯಾರಿಗೂ ಗೊತ್ತಾಗದಿದ್ದರೆ ಮಾತ್ರ ಅದು ಒಳ್ಳೆಯ ಹಲ್ಲು. ಇವತ್ತು ನಲವತ್ತು ಜನ ನನ್ನ ಕೆಲಸ ನೋಡಿದರು. ಕೈಯಿಂದ ಕೈಗೆ ದಾಟಿಸಿ ನೋಡಿದರು. ಬಸ್ಸಿನಲ್ಲಿ ಸೀಟಿತ್ತು, ಆದರೂ ನಿಂತೇ ಬಂದೆ. ಯಾಕೋ.

ಜುಲೈ 5, ಶನಿವಾರ, ಸಂಜೆ 4.15

ಫೋರ್‌ಮನ್ ಬಂದಿದ್ದಾರೆ. ತಂಗಿ ಅಡ್ರೆಸ್ ಕೊಟ್ಟಳಂತೆ. ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾರೆ. ಆ ಮರಳಿನ ಪೈಪ್ ನಾನು ಸರಿಮಾಡಿಕೊಡುತ್ತೇನೆ ಎಂದೆ. ಬೇಡ ಎಂದರು.

"ನೀವು ಹೇಳ್ಕೊಡಿ. ನಾನು ಕೂರಿಸ್ತೀನಿ."

ಚಿಮಟವನ್ನು ಸ್ಪ್ಯಾನರ್ ಹಿಡಿದ ಹಾಗೆ ಹಿಡಿದರು. ಬೆರಳು ಸಡಿಲ ಬಿಡಿ ಎಂದು ನಾಲ್ಕು ಸಲ ಹೇಳಿದೆ. ಎರಡು ಪೈಪ್ ಮುರಿದವು. ಮೂರನೆಯದು ಕೂತಿತು, ಸರಿಯಾದ ಎತ್ತರಕ್ಕೆ. ಅವರ ಮುಖ ನೋಡಬೇಕಿತ್ತು. ಗೋಂದು ಒಣಗಲು ಹತ್ತು ನಿಮಿಷ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರು ಎದುರಿಗೇ ಕೂತಿದ್ದಾರೆ. ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದಾರೆ. ಈಗ ಮುಟ್ಟಿ ನೋಡಲು ಬೆರಳು ಚಾಚುತ್ತಿ—