ಬೇಕಾದ್ರ ಇರ್ಲಿ

ಲೀಡ್ಸ್, ಇಂಗ್ಲೆಂಡ್
ರವಿವಾರ, ೨೧ ಅಕ್ಟೋಬರ್ ೧೯೭೯

ನಮ್ಮ ಮಾಸ್ತರರಿಗೆ,

ಕಸ್ತೂರಿಯ ಶರಣಾರ್ಥಿ. ಹದಿಮೂರು ವರ್ಷ ಸಂಸಾರ ಮಾಡಿದರೂ ನಿಮಗೆ ಪತ್ರ ಬರೆಯುವ ಪ್ರಸಂಗ ಬಂದಿರಲಿಲ್ಲ. ಮೇಲೆ ಏನೆಂದು ಬರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಒಗೆದೆ. ಗಂಡನ ಹೆಸರು ಹಿಡಿದು ಬರೆಯಲು ಇಷ್ಟು ದೂರ ಬಂದರೂ ಕೈ ಏಳಲಿಲ್ಲ. ಜೇವರ್ಗಿಯ ಮಂದಿಯೆಲ್ಲ ಕರೆಯುವ ಹಾಗೆ ನಾನೂ ಮಾಸ್ತರರು ಎಂದೇ ಬರೆದಿದ್ದೇನೆ. ಬಂದು ಮುಟ್ಟಿದೆನೆಂದು ಮೊದಲ ವಾರ ಹಾಕಿದ ಕಾರ್ಡು ಸಿಕ್ಕಿರಬೇಕು. ಅದರಲ್ಲಿ ಎಲ್ಲ ಆರಾಮ ಎಂದಿದ್ದೆ. ಅಷ್ಟೇನೂ ಆರಾಮ ಇಲ್ಲ.

ನಿಮಗೆ ಹೇಳಿದ ಒಂದು ಸುಳ್ಳನ್ನು ಒಪ್ಪಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಆದರೆ ನನ್ನ ಸ್ವಭಾವ ನಿಮಗೆ ಗೊತ್ತು, ತಪ್ಪಾಯಿತು ಎನ್ನುವ ಮೊದಲು ಊರೆಲ್ಲ ಸುತ್ತಿ ಬರುತ್ತೇನೆ. ಇವತ್ತೊಂದು ದಿನ ಸುತ್ತಲು ಬಿಡಿರಿ.

ನೀವು ನನ್ನ ಪೆಟ್ಟಿಗೆ ತುಂಬುವಾಗ ಎಷ್ಟು ಕೂಗಾಡಿದೆ ನಾನು. ಸುತಳಿ ಯಾಕೆ, ಸೂಜಿದಾರ ಯಾಕೆ, ಖಾಲಿ ಡಬ್ಬಿ ಯಾಕೆ ಎಂದು ಕೇಳಿದರೆ ನಿಮ್ಮದು ಒಂದೇ ಮಾತು, "ಬೇಕಾದ್ರ ಇರ್ಲಿ." ಖಾಕಿ ಕವರು ಹಾಕಿದ ನಿಮ್ಮ ಹಳೆಯ ಇಂಗ್ಲಿಷ್ ಡಿಕ್ಷನರಿಯನ್ನು ತಳದಲ್ಲಿ ಇಟ್ಟಾಗಲಂತೂ ನನ್ನ ತಲೆ ಕೆಟ್ಟಿತು. ಹತ್ತು ವರ್ಷದಿಂದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳಿಗೆ, ಅದನ್ನು ಇನ್ನೂ ಚೆನ್ನಾಗಿ ಕಲಿಸುವುದು ಹೇಗೆಂದು ಓದಲು ಸ್ಕಾಲರ್‌ಶಿಪ್ ಪಡೆದವಳಿಗೆ, ನೆಲೋಗಿಯ ಕನ್ನಡ ಸಾಲಿ ಮಾಸ್ತರರ ಡಿಕ್ಷನರಿ ಯಾಕೆ ಎಂದು ಅಂದೇಬಿಟ್ಟೆ. ಅದಕ್ಕೂ ನೀವು ಅದೇ ಮಾತು ಹೇಳಿ ಪೆಟ್ಟಿಗೆ ಮುಚ್ಚಿದಿರಿ.

ಲಂಡನ್ನಿನಲ್ಲಿ ಇಳಿದರೆ ಪೆಟ್ಟಿಗೆಯ ಹಿಡಿಕೆ ಕಿತ್ತು ಬಂದಿತ್ತು. ಅಲ್ಲೇ ನೆಲಕ್ಕೆ ಕೂತು, ಸುತಳಿ ತೆಗೆದು, ಜೋಳದ ಚೀಲ ಬಿಗಿದ ಹಾಗೆ ಬಿಗಿದೆ. ಇಲ್ಲಿ ಸ್ನಾನಕ್ಕೆ ಮಲಗುವಷ್ಟು ದೊಡ್ಡ ತೊಟ್ಟಿ ಇದೆ, ಮೈಮೇಲೆ ನೀರು ಸುರಿದುಕೊಳ್ಳಲು ಒಂದು ತಂಬಿಗೆ ಇಲ್ಲ. ನಿಮ್ಮ ಖಾಲಿ ಡಬ್ಬಿಯೇ ನನಗೆ ತಂಬಿಗೆ. ಮೂರನೆಯ ದಿನ ಕೋಟಿನ ಗುಂಡಿ ಉದುರಿತು, ಸೂಜಿದಾರವೂ ಬೇಕಾಯಿತು. ಕಡಕ ರೊಟ್ಟಿ ಹನ್ನೆರಡು ದಿನ ಬಂದವು. ಶೇಂಗಾ ಹಿಂಡಿ ಇನ್ನೂ ಒಂದು ಹಿಡಿ ಉಳಿದಿದೆ, ಮುಗಿದೀತೆಂದು ಹೆದರಿ ಮುಟ್ಟಿಲ್ಲ.

ಎರಡನೆಯ ದಿನ ಬಸ್ಸಿನ ಕಂಡಕ್ಟರ್ ಚೀಟಿ ಕೊಡುತ್ತ ನನ್ನನ್ನು "ಲವ್" ಎಂದ. ನಾನು ಮುಖ ಗಂಟಿಕ್ಕಿಕೊಂಡು ಮುಂದಿನ ಸ್ಟಾಪಿಗೇ ಇಳಿದು, ಒಂದೂವರೆ ಮೈಲು ಮಳೆಯಲ್ಲಿ ನೆನೆಯುತ್ತ ನಡೆದೆ. ಆಮೇಲೆ ತಿಳಿಯಿತು, ಈ ಊರಿನಲ್ಲಿ ಮುದುಕಿಯರಿಗೂ ಹಾಗೇ ಅನ್ನುತ್ತಾರಂತೆ, ನಮ್ಮಲ್ಲಿ ಗುರುತಿಲ್ಲದವರಿಗೂ ಅಕ್ಕಾ ಅನ್ನುವಂತೆ. ನೀವಿದ್ದಿದ್ದರೆ ಒಂದು ವಾರ ನನ್ನನ್ನು ಕಾಡಿಸಿ ನಗುತ್ತಿದ್ದಿರಿ.

ನಾನಿರುವ ಹಾಸ್ಟೆಲಿನ ಮೇಲಿನ ಮಹಡಿ ಗಂಡಹೆಂಡಿರದು. ಅಲ್ಲಿ ವಜೀರುನ್ನಿಸಾ ಎಂಬ ಹುಡುಗಿ ಇದ್ದಾಳೆ, ನಮ್ಮ ಆಳಂದದವಳು. ಗಂಡ ಬುರಾನುದ್ದೀನ ಇಲ್ಲಿ ಜವಳಿ ಇಂಜಿನಿಯರಿಂಗ್ ಓದುತ್ತಾನೆ. ಅವಳಿಗೆ ಇಂಗ್ಲಿಷಿನ ಗಂಧ ಇಲ್ಲ. ಆದರೂ ಅಂಗಡಿಯಲ್ಲಿ ಆಲೂಗಡ್ಡೆ ತೂಗಿಸಿದ ಮೇಲೆ, "ಇನ್ನೊಂದ್ ಹಾಕ್ರಿ, ಏನಾಗ್ತದ" ಎಂದು ಕನ್ನಡದಲ್ಲೇ ಅನ್ನುತ್ತಾಳೆ, ಅಂಗಡಿಯವನು ಹಾಕುತ್ತಾನೆ. ನನ್ನನ್ನು ಕಂಡ ಮೊದಲ ದಿನವೇ ಕೇಳಿದಳು, "ಮಾಸ್ತರ್ರಿಗಿ ಯಾಕ ಬಿಟ್ಟ್ ಬಂದ್ರಿ ಅಕ್ಕಾ? ನನ್ನಂಥಾಕೀನೇ ಬಂದೀನಿ, ಅವ್ರು ಬರ್ತಿದ್ದಿಲ್ಲೇನು?" ರಜೆ ಸಿಗಲಿಲ್ಲ ಎಂದೆ. ಅದು ಎರಡನೆಯ ಸುಳ್ಳು. ಮೊದಲನೆಯದನ್ನು ನಿಮಗೆ ಹೇಳಿದ್ದೆ.

ಸ್ಕಾಲರ್‌ಶಿಪ್ಪಿನವರು ಒಬ್ಬರಿಗೇ ಅವಕಾಶ ಕೊಡುತ್ತಾರೆ, ಗಂಡನನ್ನು ಕರೆದೊಯ್ಯಲು ಬಿಡುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಎಂಟು ದಿನ ನಮ್ಮ ಮೇಜಿನ ಮೇಲೆ ಬಿದ್ದಿದ್ದ ಆ ಫಾರ್ಮಿನ ಮೂರನೆಯ ಪುಟದಲ್ಲಿ ಕೇಳಿದ್ದರು, ಸಂಗಾತಿ ಜೊತೆಗೆ ಬರುವರೇ ಎಂದು. ಬರುವುದಾದರೆ ಇಬ್ಬರ ಟಿಕೆಟ್ಟೂ ಅವರದೇ, ಕೋಣೆಯೂ ಅವರದೇ. ಎರಡು ಫೋಟೋ ಹಚ್ಚಬೇಕಿತ್ತು, ಅಷ್ಟೇ. ನಾನು ಇಲ್ಲ ಎಂದು ಬರೆದೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ನೀವು ನೆಲೋಗಿಯ ಬಸ್ಸು ಹತ್ತುವುದನ್ನೇ ಕಾದು, ಲಕೋಟೆ ಅಂಟಿಸಿ, ಪೋಸ್ಟಿಗೆ ಹಾಕಿ ಬಂದೆ.

ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಬರೆಯದಿದ್ದರೆ ಒಪ್ಪಿಕೊಂಡದ್ದು ಅರ್ಧವಾಗುತ್ತದೆ. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಚಹಾಕ್ಕೆ ಕರೆದ ದಿನ ನಿಮಗೆ ಮರೆತಿರಲಿಕ್ಕಿಲ್ಲ. ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದಿರಿ. ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆಂದು ನೀವೂ ಕೈ ಜೋಡಿಸಿ ಇಂಗ್ಲಿಷಿನಲ್ಲೇ ಪರಿಚಯ ಹೇಳಿಕೊಂಡಿರಿ, "ಐ ಆ್ಯಮ್ ಹರ್ ಮಿಸೆಸ್." ನಾನು ಇವಳ ಹೆಂಡತಿ ಎಂದ ಹಾಗಾಯಿತು. ಎಲ್ಲರೂ ನಕ್ಕರು. ಅವರು ನಕ್ಕದ್ದು ಇರಲಿ, ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ, ನಾನು ಅವರ ಪೈಕಿ ಎಂದು ತೋರಿಸಲು. ನೀವೂ ಒಂದಿಷ್ಟು ನಕ್ಕು, ಬಶಿಗೆ ಚಹಾ ಸುರಿದುಕೊಂಡು, ತಲೆ ತಗ್ಗಿಸಿ ಕುಡಿದಿರಿ. ಮದುವೆಯಾದ ಮೇಲೆ ನನ್ನನ್ನು ಎಂ.ಎ. ತನಕ ಓದಿಸಿದವರು ನೀವು, ನನ್ನ ಪರೀಕ್ಷೆಯ ದಿನಗಳಲ್ಲಿ ರೊಟ್ಟಿ ಬಡಿದವರು ನೀವು. ಆ ದಿನ ಅದು ಯಾವುದೂ ನನಗೆ ನೆನಪಾಗಲಿಲ್ಲ. ಇವರನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದರೆ ಹ್ಯಾಂಗ ಎಂಬ ಚಿಂತೆಯೊಂದೇ ಇತ್ತು. ಮರುವಾರ ಫಾರ್ಮು ಬಂತು.

ಹೋದ ಗುರುವಾರ ನನ್ನ ಸರದಿ. ಕ್ಲಾಸಿನಲ್ಲಿ ಒಬ್ಬೊಬ್ಬರೂ ಎದ್ದು ತಮ್ಮ ವಿಚಾರ ಹೇಳಬೇಕಿತ್ತು. ಅರವತ್ತೊಂಬತ್ತರಲ್ಲಿ ಪಾಸ್ ಔಟ್ ಆದೆ ಎಂದು ನಾನು ಬಲು ಠೀವಿಯಿಂದ ಹೇಳಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಅಲ್ಲವೇ ಅನ್ನುವುದು. ಇಲ್ಲಿ ಹಾಗೆಂದರೆ ಮೂರ್ಛೆ ಹೋದೆ ಎಂದಂತೆ. ಕ್ಲಾಸು ಗೊಳ್ಳೆಂದಿತು. ಕುಚೋದ್ಯದ ನಗೆಯಲ್ಲ, ಒಬ್ಬ ಎದ್ದು ಈಗ ಹೇಗಿದ್ದೀರಿ ಎಂದೂ ಕೇಳಿದ. ನಾನೂ ನಕ್ಕೆ. ನಗುತ್ತ ನಗುತ್ತ ಕಿವಿಯೆಲ್ಲ ಬಿಸಿಯಾಯಿತು, ಕಣ್ಣು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನೀವು ಆ ದಿನ ಬಶಿಯನ್ನು ಯಾಕೆ ಅಷ್ಟು ಹೊತ್ತು ನೋಡುತ್ತಿದ್ದಿರಿ ಎಂದು ಆಗ ಗೊತ್ತಾಯಿತು. ನನ್ನನ್ನು ನೋಡಿ ನಕ್ಕವರು ಮೂರು ವಾರದ ಪರಿಚಯದವರು. ನಿಮ್ಮನ್ನು ನೋಡಿ ನಕ್ಕವಳು ನಿಮ್ಮ ಹೆಂಡತಿ.

ಮರುದಿನ ಹಾಸ್ಟೆಲಿನ ಆಫೀಸಿಗೆ ಹೋಗಿ, ಫಾರ್ಮಿನಲ್ಲಿ ತಪ್ಪು ಬರೆದಿದ್ದೇನೆ, ನನ್ನ ಗಂಡನನ್ನು ಕರೆಸಬೇಕು ಎಂದೆ. ಅಲ್ಲಿಯ ಹೆಂಗಸು ಒಳ್ಳೆಯವಳು. ಕಡತ ತೆಗೆದು, ಕನ್ನಡಕ ಏರಿಸಿ, ಎರಡು ಸಲ ನೋಡಿದಳು. ಅದರ ತಾರೀಖು ಜುಲೈ ಮೂವತ್ತೊಂದಕ್ಕೇ ಮುಗಿದಿದೆ, ಮುಂದಿನ ವರ್ಷ ಕೇಳಿಕೊಳ್ಳಿ ಎಂದಳು. ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ, ನನ್ನ ಓದು ಜುಲೈಗೆ ಮುಗಿಯುತ್ತದೆ. ಇನ್ನು ನೀವು ಬರುವ ಹಾಗಿಲ್ಲ. ಮೇಲಿನ ಮಹಡಿಯಲ್ಲಿ ವಜೀರುನ್ನಿಸಾಳ ಕೋಣೆಯ ಬಾಜೂಕೆ ಒಂದು ಕೋಣೆ ಖಾಲಿ ಇದೆ. ಹೋಗುತ್ತ ಬರುತ್ತ ಅದರ ಬೀಗ ನೋಡುತ್ತೇನೆ. ಕಿಟಕಿಯಿಂದ ದೂರದ ತನಕ ಕಾಣುತ್ತದಂತೆ, ನಿಮಗೆ ಸೇರುತ್ತಿತ್ತು.

ಕ್ಷಮೆ ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಅದಕ್ಕೇ ಕೇಳಲು ನಾಚಿಕೆಯಾಗುತ್ತದೆ. ಎಲ್ಲ ಆರಾಮ ಎಂದು ಮಾತ್ರ ಕಾರ್ಡು ಹಾಕಬೇಡಿರಿ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಬೈದು ಬರೆಯಿರಿ, ಹದಿಮೂರು ವರ್ಷದಲ್ಲಿ ಒಮ್ಮೆಯೂ ಬೈದಿಲ್ಲ ನೀವು. ಬರುವ ಜುಲೈನಲ್ಲಿ ನಾನು ಗುಲಬರ್ಗಾ ಸ್ಟೇಶನ್ನಿನಲ್ಲಿ ಇಳಿದಾಗ ನೀವು ಅಲ್ಲಿ ನಿಂತಿರುತ್ತೀರೋ ಇಲ್ಲವೋ, ಅದನ್ನೂ ಬರೆಯಿರಿ. ದಿನಾ ಟಪಾಲಿನ ಹಾದಿ ಕಾಯುತ್ತೇನೆ.

ಇನ್ನೂ ನಿಮ್ಮವಳು ಎಂದು ಬರೆಯಬಹುದಾದರೆ,
ನಿಮ್ಮ
ಕಸ್ತೂರಿ

ತಾ.ಕ. ಇಷ್ಟು ಬರೆಯುವ ಧೈರ್ಯ ನನಗೆ ತಾನಾಗಿ ಬಂತೆಂದು ತಿಳಿಯಬೇಡಿರಿ. ಗುರುವಾರ ಕೋಣೆಗೆ ಬಂದವಳೇ, ಪಾಸ್ ಔಟ್ ಎಂದರೆ ಏನೆಂದು ನೋಡಲು ನಿಮ್ಮ ಡಿಕ್ಷನರಿ ತೆಗೆದೆ. ಅದರಲ್ಲಿ ಸ್ಪೌಸ್ ಎಂದರೆ ಸಂಗಾತಿ, ಅಕಂಪನಿ ಎಂದರೆ ಜೊತೆಗೆ ಬರುವುದು, ಈ ಎರಡು ಶಬ್ದಗಳ ಕೆಳಗೆ ನಿಮ್ಮ ಪೆನ್ಸಿಲಿನ ಗೆರೆ ಇದೆ. ಎರಡೂ ಫಾರ್ಮಿನ ಮೂರನೆಯ ಪುಟದವು. ಅಂದರೆ ನಾನು ಸುಳ್ಳು ಹೇಳುವಾಗಲೇ ಅದು ಸುಳ್ಳೆಂದು ನಿಮಗೆ ಗೊತ್ತಿತ್ತು. ಖಾಕಿ ಕವರಿನ ಒಳಗೆ ಅವರು ಕೇಳಿದ ಅಳತೆಯ ಎರಡು ಫೋಟೋ ಸಿಕ್ಕವು. ದರ್ಜಿ ಮಲಂಗಸಾಬನ ಕೋಟು ಎರವಲು ತಂದು ಹಾಕಿಕೊಂಡಿದ್ದೀರಿ, ಹೆಗಲು ಎರಡೂ ಕಡೆ ಜೋತುಬಿದ್ದಿದೆ. ಒಂದರ ಬೆನ್ನಿಗೆ, ಮಕ್ಕಳು ತಪ್ಪು ತಿದ್ದಿ ಬರೆಯುವ ಹಾಗೆ, ದುಂಡಗೆ ಐದು ಸಲ ಇಂಗ್ಲಿಷಿನಲ್ಲಿ ಬರೆದಿದ್ದೀರಿ, ಐ ಆ್ಯಮ್ ಹರ್ ಹಸ್ಬೆಂಡ್. ಐದೂ ಸರಿ ಇವೆ ಮಾಸ್ತರರೇ, ಒಂದೂ ತಪ್ಪಿಲ್ಲ.